ಐದು ಜನ ಸೇರಿ ಒಂದು ಸೆಸ್ನಾ 152: ಲೆಕ್ಕ ಹೇಗೆ, ನಿರ್ವಹಣೆ ಹೇಗೆ?

ಹೊಸೂರು_ಸೆಸ್ನಾ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಹೊಸೂರು, ಡೆಂಕಣಿಕೋಟೆ ಕಡೆಯ ನಾವು ಐದು ಜನ ಸೇರಿ ಒಂದು ಹಳೆಯ ಸೆಸ್ನಾ 152 (ಎರಡು ಸೀಟಿನ ಸಣ್ಣ ವಿಮಾನ) ಕೊಳ್ಳುವ ಮಾತುಕತೆಯಲ್ಲಿದ್ದೇವೆ. ಐವರಿಗೂ ಪಿಪಿಎಲ್ (ಖಾಸಗಿ ಪೈಲಟ್ ಲೈಸೆನ್ಸ್) ಇದೆ. ಬೇರೆಯವರಿಗೆ ತರಬೇತಿ ಕೊಡುವ ಉದ್ದೇಶವಿಲ್ಲ, ನಮ್ಮ ಹಾರಾಟಕ್ಕಷ್ಟೇ.

ಎಂಜಿನ್ ಲೈಕಮಿಂಗ್ ಓ-235-ಎಲ್2ಸಿ. ಓವರ್‌ಹಾಲ್ (ಪೂರ್ತಿ ಬಿಚ್ಚಿ ಹೊಸದರಂತೆ ಕಟ್ಟುವುದು) ಆಗಿ 8 ವರ್ಷ, ಆಮೇಲೆ ಓಡಿದ್ದು 900 ಗಂಟೆ. ಲಾಗ್‌ಬುಕ್ಕಿನಲ್ಲಿ ಕೊನೆಯ ಎರಡು ವರ್ಷ ಹಾರಾಟ ತೀರಾ ಕಡಿಮೆ, ನಡುನಡುವೆ "ಗ್ರೌಂಡ್ ರನ್ 15 ನಿಮಿಷ" (ಹಾರದೆ ನೆಲದಲ್ಲೇ ಎಂಜಿನ್ ಓಡಿಸಿದ್ದು) ಎಂದು ಬರೆದಿದ್ದಾರೆ. ಮಾರುವವರು "ಇನ್ನೂ 1,500 ಗಂಟೆ ಬಾಕಿ ಇದೆ" ಎಂಬ ಲೆಕ್ಕದ ಮೇಲೆ ಬೆಲೆ ಹೇಳುತ್ತಿದ್ದಾರೆ. ಐವರೂ ಸೇರಿ ವರ್ಷಕ್ಕೆ 120 ಗಂಟೆ ಹಾರಬಹುದು ಅನ್ನುವುದು ನಮ್ಮ ಅಂದಾಜು. ನಿಲ್ಲಿಸುವ ಜಾಗ ತಗಡಿನ ಶೆಡ್, ಒಂದು ಬದಿ ತೆರೆದಿದೆ.

ನಮಗೆ ತಿಳಿಯಬೇಕಾದ್ದು ಇಷ್ಟು. ವಿಮಾನ ಯಾರ ಹೆಸರಿನಲ್ಲಿರಬೇಕು, ಗಂಟೆಯ ದರ ಹೇಗೆ ಕಟ್ಟಬೇಕು? ಕೊಳ್ಳುವ ಮೊದಲು ಏನೇನು ಬಿಚ್ಚಿಸಿ ನೋಡಬೇಕು? 50 ಗಂಟೆಯ ಸರ್ವಿಸ್‌ನಲ್ಲಿ ನಾವು ಕೈ ಹಾಕಬಹುದಾದ ಕೆಲಸ ಯಾವುದು? ಮಳೆಗಾಲದಲ್ಲಿ ಹಾರಲಾಗದ ವಾರಗಳಲ್ಲಿ ಎಂಜಿನ್ ಹೇಗೆ ಕಾಪಾಡುವುದು?

ಅಕ್ಕಲಕೋಟ_ಲೆಕ್ಕ

ಅಣ್ಣಾರ, ಮೊದಲು ಆ 1,500 ಗಂಟೆ ಮಾತು ಬಿಡ್ರಿ. ಲೈಕಮಿಂಗ್‌ದವರು ಓವರ್‌ಹಾಲಿಗೆ ಎರಡು ಮಿತಿ ಹಾಕ್ಯಾರ, ಗಂಟೆದೊಂದು, ವರ್ಷದೊಂದು. ಬಲವಾದ ಹೊಸ ನಮೂನಿ ಪಿಸ್ಟನ್ ಕೂಡಿಸಿದ ಎಲ್2ಸಿಗೆ 2,400 ಗಂಟೆ, ಹಳೇ ಪಿಸ್ಟನ್ ಇದ್ರ 2,000. ವರ್ಷದ ಮಿತಿ 12. ಯಾವುದು ಮೊದಲು ಬರ್ತದೋ ಅದೇ ಲೆಕ್ಕ. ಪಿಸ್ಟನ್ ಯಾವುದು ಅಂತ ಓವರ್‌ಹಾಲ್ ಕಾಗದದಾಗ ಪಾರ್ಟ್ ನಂಬರ್ ಸಮೇತ ಇರ್ತದ, ಅದನ್ನ ಕೇಳ್ರಿ.

ನಿಮ್ಮ ಎಂಜಿನ್ನಿಗೆ ಉಳಿದದ್ದು 4 ವರ್ಷ. ವರ್ಷಕ್ಕ 120 ಅಂದ್ರ 480 ಗಂಟೆ, ಅಷ್ಟ. ಓವರ್‌ಹಾಲಿಗೆ 24 ಲಕ್ಷ ಅಂತ ಲೆಕ್ಕಕ್ಕ ಇಟ್ಕೊಳ್ರಿ, ಖರೇ ಕೊಟೇಶನ್ ಬಂದ ಮ್ಯಾಲೆ ಅಂಕಿ ಬದಲಿಸ್ರಿ. 1,500 ಗಂಟೆಗೆ ಹಂಚಿದ್ರ ಗಂಟೆಗೆ 1,600 ರೂಪಾಯಿ ಬೀಳ್ತದ. 480 ಗಂಟೆಗೆ ಹಂಚಿದ್ರ 5,000. ಮಾರುವವರ ಲೆಕ್ಕ ನಂಬಿ 1,600 ಕೂಡಿಸ್ಕೋತ ಹೋದ್ರ ನಾಲ್ಕು ವರ್ಷಕ್ಕ ಖಾತೆದಾಗ 7.68 ಲಕ್ಷ ಇರ್ತದ. ಉಳಿದ 16.32 ಲಕ್ಷ ಯಾರು ಕೊಡೋದು ಅನ್ನೋದರ ಮ್ಯಾಲೆ ಕೂಟ ಒಡೀತದ. ಪಾಲಿನ ವಿಮಾನಗಳು ಹೆಚ್ಚಾಗಿ ನಿಲ್ಲೋದು ಇದೇ ಜಾಗಾದಾಗ.

ಅದಕ್ಕ ಎಂಜಿನ್ ನಿಧಿ ಗಂಟೆಗೆ ಕಟ್ಟಬ್ಯಾಡ್ರಿ, ತಿಂಗಳಿಗೆ ಕಟ್ರಿ. 24 ಲಕ್ಷಕ್ಕ 48 ತಿಂಗಳು, ತಿಂಗಳಿಗೆ 50,000, ಒಬ್ಬರಿಗೆ 10,000. ಹಾರಲಿ ಬಿಡಲಿ, ರೊಕ್ಕ ಬರಬೇಕು, ಯಾಕಂದ್ರ ಆ ಎಂಜಿನ್ನಿನ ವಯಸ್ಸು ಹಾರಾಟ ಕೇಳಿ ಓಡಂಗಿಲ್ಲ. ಇದರಿಂದ ಇನ್ನೊಂದು ಲಾಭ ಅದ. ಗಂಟೆ ದರ ಕಡಿಮೆ ಆಗ್ತದ, ಸದಸ್ಯರು ಜಾಸ್ತಿ ಹಾರ್ತಾರ, ಎಂಜಿನ್ನಿಗೂ ಬೇಕಾದದ್ದು ಅದ.

ಬೆಲೆ ಮಾತಾಡೋವಾಗೂ ಇದೇ ಲೆಕ್ಕ ಹಿಡೀರಿ. 12 ವರ್ಷದಾಗ 8 ಮುಗದಾವ, ಅಂದ್ರ ಓವರ್‌ಹಾಲ್ ಖರ್ಚಿನ ಮೂರರಾಗ ಎರಡು ಪಾಲು, 16 ಲಕ್ಷ, ಅವರು ಖರ್ಚು ಮಾಡ್ಯಾರ. ಹೊಸದಾಗಿ ಓವರ್‌ಹಾಲ್ ಆದ 152ಕ್ಕ ಏನು ಬೆಲೆ ಅದನೋ ಅದರಾಗ ಅಷ್ಟು ಕಳದು ಮಾತು ಸುರು ಮಾಡ್ರಿ.

ಹೆಸರಿನ ವಿಚಾರ. ಐವರ ಹೆಸರಿನಾಗ ನೋಂದಣಿ ಮಾಡಿದ್ರ ಒಬ್ಬರು ಬಿಟ್ಟಾಗೊಮ್ಮೆ ಡಿಜಿಸಿಎದಾಗ (ಸರ್ಕಾರದ ವಿಮಾನಯಾನ ಇಲಾಖೆ) ಕಾಗದ ತಿದ್ದಬೇಕು. ಒಂದು ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿ ವಿಮಾನ ಅದರ ಹೆಸರಿಗೆ ಇಡ್ರಿ, ನೀವು ಐವರೂ ಷೇರುದಾರರು. ಯಾರಾದರೂ ಬಿಟ್ರ ಷೇರು ಕೈ ಬದಲಾಗ್ತದ, ವಿಮಾನದ ನೋಂದಣಿ ಹಂಗ ಉಳೀತದ. ಒಪ್ಪಂದದಾಗ ಇವು ಬೇಕೇ ಬೇಕು: ಬಿಡುವವರು 90 ದಿನ ಮೊದಲು ತಿಳಿಸೋದು, ಉಳಿದವರಿಗೆ ಮೊದಲ ಹಕ್ಕು, ಬೆಲೆ ಕಟ್ಟೋ ರೀತಿ, ಸದಸ್ಯರು ತೀರಿಕೊಂಡ್ರ ವಾರಸುದಾರರಿಗೆ ಷೇರಿನ ರೊಕ್ಕ ಸಿಗ್ತದ ಹೊರತು ಹಾರೋ ಹಕ್ಕು ಬರಂಗಿಲ್ಲ ಅನ್ನೋದು, ತಿಂಗಳ ರೊಕ್ಕ 60 ದಿನ ಬಾಕಿ ಉಳಿದ್ರ ಬುಕಿಂಗ್ ಬಂದ್. ವಿಮೆದಾಗ ಮೊದಲ ಇಷ್ಟು ಲಕ್ಷ ನೀವೇ ಕೊಡಬೇಕು ಅಂತ ಒಂದು ಅಂಕಿ ಇರ್ತದ. ಅಪಘಾತ ಆದ್ರ ಅದು ಹಾರಿಸಿದವರ ಜೇಬಿನಿಂದೋ ಎಲ್ಲರ ಜೇಬಿನಿಂದೋ, ಇವತ್ತೇ ಬರದಿಡ್ರಿ.

ಖಾಸಗಿ ವರ್ಗದ ವಿಮಾನದಾಗ ಹೊರಗಿನವರ ಕಡಿಂದ ರೊಕ್ಕ ತೊಗೊಂಡು ಹಾರಿಸೋದು, ಕಲಿಸೋದು ಎರಡೂ ನಡಿಯಂಗಿಲ್ಲ. "ಪೆಟ್ರೋಲ್ ಖರ್ಚಷ್ಟ ಕೊಡ್ಲಿ" ಅನ್ನೋ ಮಾತೂ ಬ್ಯಾಡ. ಏನಾದರೂ ಆದ್ರ ವಿಮೆದವರು ಮೊದಲು ಹುಡುಕೋದು ಅದನ್ನೇ.

ಉಳಿದ ದರ ಹಿಂಗ ಕಟ್ರಿ. ಹ್ಯಾಂಗರ್ ಬಾಡಿಗಿ, ವಿಮೆ, ವರ್ಷದ ತಪಾಸಣಿ, ಏರ್‌ವರ್ದಿನೆಸ್ ರಿವ್ಯೂ (ವಿಮಾನ ಹಾರಾಕ ಯೋಗ್ಯ ಅದನೋ ಅನ್ನೋ ಪರಿಶೀಲನೆ), ಎಎಂಇ (ಲೈಸೆನ್ಸ್ ಇರೋ ವಿಮಾನ ನಿರ್ವಹಣಾ ಎಂಜಿನಿಯರ್) ಸಂಬಳ, ರೇಡಿಯೋ ಲೈಸೆನ್ಸ್ ವರ್ಷದ್ದೆಲ್ಲಾ ಕೂಡಿಸಿ 60ರಿಂದ (ಐದು ಜನ, 12 ತಿಂಗಳು) ಭಾಗಿಸಿದ್ರ ಒಬ್ಬರ ತಿಂಗಳ ಪಾಲು. ಗಂಟೆ ದರದಾಗ ಬರೋದು ಏವಿಗ್ಯಾಸ್ (ವಿಮಾನದ ಪೆಟ್ರೋಲ್, ಗಂಟೆಗೆ 23 ಲೀಟರ್ ಹಿಡೀರಿ), 50 ಗಂಟೆ ಸರ್ವಿಸ್, ಟಯರ್, ಬ್ರೇಕ್, ಮ್ಯಾಗ್ನೆಟೊ (ಪ್ಲಗ್ಗಿಗೆ ಕಿಡಿ ಕೊಡೋ ಯಂತ್ರ). ಗಂಟೆ ಅಳಿಯೋದು ಟ್ಯಾಕೋದಾಗ (ಎಂಜಿನ್ ಸುತ್ತು ತೋರಿಸೋ ಮೀಟರ್), ಹಾಬ್ಸ್ ಮೀಟರಿನಾಗ ಅಲ್ಲ. ಹಾಬ್ಸ್ ಗಡಿಯಾರದಂಗ ಓಡ್ತದ, ಎಂಜಿನ್ ಬಿಸಿ ಮಾಡೋ ಹತ್ತು ನಿಮಿಷಕ್ಕೂ ರೊಕ್ಕ ಬೀಳ್ತದ, ಅದನ್ನ ಉಳಸಾಕ ಮಂದಿ ತಣ್ಣನ ಎಂಜಿನ್ನಿಗೆ ಪೂರ್ತಿ ಥ್ರಾಟಲ್ ಕೊಡ್ತಾರ. ಟ್ಯಾಕೋ ಆರ್‌ಪಿಎಂ ಕಡಿಮೆ ಇದ್ದಾಗ ಮೆಲ್ಲಗ ಓಡ್ತದ, ಅವಸರ ಮಾಡೋ ಕಾರಣ ಉಳಿಯಂಗಿಲ್ಲ.

ಕಡೀ ಮಾತು. ದೋಷ ಬರಿಯೋ ಪುಸ್ತಕ ಒಂದು ವಿಮಾನದೊಳಗ ಇರಲಿ. ಐವರಾಗ ಯಾರು ಬೇಕಾದರೂ "ಹಾರಬಾರದು" ಅಂತ ಬರದು ನಿಲ್ಲಿಸಬಹುದು. ಅದನ್ನ ತಗಿಯೋ ಹಕ್ಕು ಎಎಂಇ ಒಬ್ಬರಿಗೇ. ವಾಟ್ಸಾಪ್‌ದಾಗ ಹಾಕಿದ್ದು ಬರದಂಗ ಅಲ್ಲ.

ಹಿಂದೂಪುರ_ಎಎಂಇ

ಲೆಕ್ಕದ ಭಾಗ ಅಕ್ಕಲಕೋಟದವರು ಪೂರ್ತಿ ಹೇಳಿದ್ದಾರೆ. ನಾನು ಲೋಹದ ಭಾಗಕ್ಕೆ ಬರುತ್ತೇನೆ.

ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು 900 ಗಂಟೆಯೂ ಅಲ್ಲ, 8 ವರ್ಷವೂ ಅಲ್ಲ, "ಗ್ರೌಂಡ್ ರನ್ 15 ನಿಮಿಷ". ಲೈಕಮಿಂಗ್‌ನಲ್ಲಿ ಕ್ಯಾಮ್‌ಶಾಫ್ಟ್ (ಟ್ಯಾಪೆಟ್‌ಗಳನ್ನು ತಳ್ಳಿ ವಾಲ್ವ್ ತೆರೆಸುವ ದಂಡ) ಇರುವುದು ಕ್ರ್ಯಾಂಕ್‌ಶಾಫ್ಟ್‌ನ ಮೇಲೆ. ಎಂಜಿನ್ ನಿಂತರೆ ಅಲ್ಲಿನ ಎಣ್ಣೆ ಕೆಳಗಿಳಿದು ಹೋಗುತ್ತದೆ, ಕ್ಯಾಮ್ ಮತ್ತು ಟ್ಯಾಪೆಟ್ ಮುಖ ತೆಳು ಪದರದ ಮೇಲೆ ಬದುಕಬೇಕು. ಹದಿನೈದು ನಿಮಿಷ ನೆಲದಲ್ಲಿ ಓಡಿಸಿದಾಗ ಏನಾಗುತ್ತದೆ? ಪೆಟ್ರೋಲ್ ಉರಿದಾಗ ಹುಟ್ಟುವ ನೀರಿನ ಆವಿ ರಿಂಗ್ ದಾಟಿ ಎಣ್ಣೆಗೆ ಸೇರುತ್ತದೆ. ಎಣ್ಣೆ ಅದನ್ನು ಆವಿಯಾಗಿ ಹೊರಹಾಕುವಷ್ಟು ಬಿಸಿಯಾಗುವ ಮೊದಲೇ ಎಂಜಿನ್ ನಿಲ್ಲಿಸುತ್ತಾರೆ. ನೀರು, ಆಮ್ಲ ಎರಡೂ ಒಳಗೇ ಉಳಿದು ಕ್ಯಾಮ್ ಮೇಲೆ ತುಕ್ಕಿನ ಚುಕ್ಕೆ ಏಳುತ್ತದೆ. ಮುಂದೆ ಓಡುವಾಗ ಆ ಚುಕ್ಕೆಯಿಂದ ಟ್ಯಾಪೆಟ್ ಮುಖ ಚೂರುಚೂರಾಗಿ ಎದ್ದು ಬರುತ್ತದೆ. ಸುಮ್ಮನೆ ನಿಲ್ಲಿಸಿದ್ದರೂ ಇಷ್ಟು ಹಾಳಾಗುತ್ತಿರಲಿಲ್ಲ. ಲೈಕಮಿಂಗ್ ಹೇಳುವುದು 30 ದಿನದೊಳಗೆ ಒಮ್ಮೆ, ಎಣ್ಣೆ 165ರಿಂದ 200 ಡಿಗ್ರಿ ಫ್ಯಾರನ್‌ಹೀಟ್ (74ರಿಂದ 93 ಸೆಲ್ಸಿಯಸ್) ಇರುವಂತೆ, ಬಿಡದೆ ಒಂದು ಗಂಟೆ ಹಾರಾಟ. ಇದಕ್ಕೆ ನೆಲದ ಓಟ ಬದಲಿಯಲ್ಲ. ಪ್ರೊಪೆಲ್ಲರ್ ಕೈಯಲ್ಲಿ ತಿರುಗಿಸುವುದೂ ಬೇಡ, ಉಳಿದಿರುವ ಎಣ್ಣೆಯ ಪದರವನ್ನೇ ಅದು ಒರೆಸಿಬಿಡುತ್ತದೆ. ತಪ್ಪಿ ಕಿಡಿ ಹತ್ತಿದರೆ ಕೈಗೇ ಅಪಾಯ.

ಹಾಗಾದರೆ ಕೊಳ್ಳುವ ಮೊದಲು ಏನು ನೋಡುವುದು?

ಕ್ಯಾಮ್ ಕಣ್ಣಿಗೆ ಕಾಣಬೇಕಾದರೆ ಸಿಲಿಂಡರ್ ಬಿಚ್ಚಬೇಕು, ಮಾರುವವರು ಒಪ್ಪುವುದು ಕಷ್ಟ. ಬದಲಿಗೆ ಎರಡು ದಾರಿ ಇವೆ. ಒಂದು, ಈಗಿರುವ ಆಯಿಲ್ ಫಿಲ್ಟರನ್ನು ನಿಮ್ಮ ಎಎಂಇ ಎದುರೇ ಕತ್ತರಿಸಿ ಮಡಿಕೆ ಬಿಡಿಸಿ ನೋಡುವುದು. ಎರಡು, ರಾಕರ್ ಕವರ್ ತೆಗೆದು ಡಯಲ್ ಗೇಜ್ ಇಟ್ಟು ಎಂಟೂ ವಾಲ್ವ್ ಎಷ್ಟು ಎತ್ತುತ್ತವೆ ಎಂದು ಅಳೆಯುವುದು. ಒಂದು ವಾಲ್ವ್ ಉಳಿದವಕ್ಕಿಂತ ಕಡಿಮೆ ಎತ್ತಿದರೆ ಅದನ್ನು ತಳ್ಳುವ ಕ್ಯಾಮ್‌ನ ಉಬ್ಬು (ಲೋಬ್) ಸವೆದಿದೆ. ಓ-235ರಲ್ಲಿ ಹೈಡ್ರಾಲಿಕ್ ಟ್ಯಾಪೆಟ್ ಇಲ್ಲ, ಘನ ಟ್ಯಾಪೆಟ್. ಹಾಗಾಗಿ ವಾಲ್ವ್ ಕ್ಲಿಯರೆನ್ಸ್ (ವಾಲ್ವ್ ಮತ್ತು ರಾಕರ್ ನಡುವಿನ ಸಂದಿ) ಹೊಂದಿಸಿದ ದಾಖಲೆ ಲಾಗ್‌ಬುಕ್ಕಿನಲ್ಲಿ ಇರಲೇಬೇಕು. ಪ್ರತಿ ಸಲವೂ ಒಂದೇ ವಾಲ್ವ್ ಸಡಿಲವಾಗಿ ಸಿಕ್ಕಿದ್ದರೆ ಅಲ್ಲೂ ಅದೇ ಉತ್ತರ, ಕ್ಯಾಮ್ ಸವೆತ.

ಕಂಪ್ರೆಷನ್ ಪರೀಕ್ಷೆ (ಸಿಲಿಂಡರಿಗೆ ಗಾಳಿ ಕೊಟ್ಟು ಎಷ್ಟು ಹಿಡಿದಿಡುತ್ತದೆ ಎಂದು ನೋಡುವುದು) 80 ಪಿಎಸ್‌ಐ ಗಾಳಿಯಲ್ಲಿ, ಎಂಜಿನ್ ಬಿಸಿ ಇರುವಾಗ. 60ಕ್ಕಿಂತ ಕೆಳಗೆ ಬಂದರೆ, ಅಥವಾ ಸಿಲಿಂಡರ್‌ಗಳ ನಡುವೆ 15ಕ್ಕಿಂತ ಹೆಚ್ಚು ಅಂತರ ಬಂದರೆ ಕಾರಣ ಹುಡುಕಬೇಕು. ಅಂಕಿ ಬರೆದು ಬಿಟ್ಟರೆ ಸಾಲದು, ಗಾಳಿ ಎಲ್ಲಿ ಸೋರುತ್ತಿದೆ ಎಂದು ಕಿವಿಗೊಟ್ಟು ಕೇಳಿ. ಸೈಲೆನ್ಸರ್ ಕೊಳವೆಯಲ್ಲಿ ಸದ್ದು ಬಂದರೆ ಎಕ್ಸಾಸ್ಟ್ ವಾಲ್ವ್, ಕಾರ್ಬುರೇಟರ್ ಕಡೆ ಬಂದರೆ ಇಂಟೇಕ್ ವಾಲ್ವ್, ಆಯಿಲ್ ಹಾಕುವ ಬಾಯಲ್ಲಿ ಬಂದರೆ ರಿಂಗ್. ರಿಂಗ್ ಸೋರಿಕೆ ಕೆಲವೊಮ್ಮೆ ಹಾರಿಸಿದ ಮೇಲೆ ಸರಿಹೋಗುತ್ತದೆ, ಎಕ್ಸಾಸ್ಟ್ ವಾಲ್ವ್‌ನದು ಹೋಗುವುದಿಲ್ಲ. ಆ ಸಿಲಿಂಡರಿಗೆ ಬೋರೋಸ್ಕೋಪ್ (ಒಳಗೆ ಇಳಿಸಿ ನೋಡುವ ಸಣ್ಣ ಕ್ಯಾಮೆರಾ) ಹಾಕಿಸಿ ವಾಲ್ವ್ ಅಂಚು ನೋಡಿಸಿ.

152 ತಯಾರಾದದ್ದು 1977ರಿಂದ 1985ರವರೆಗೆ. ಯಾವುದೇ ಒಂದನ್ನು ತೆಗೆದುಕೊಂಡರೂ 40 ವರ್ಷ ದಾಟಿದೆ. ಆದ್ದರಿಂದ ಸೆಸ್ನಾದ ಹೆಚ್ಚುವರಿ ರಚನಾ ತಪಾಸಣೆಗಳು ಆಗಿವೆಯೇ ಎಂದು ಕೇಳಿ. ಜೊತೆಗೆ ಎರಡು ಏರ್‌ವರ್ದಿನೆಸ್ ಡೈರೆಕ್ಟಿವ್ (ಸುರಕ್ಷತೆಯ ಕಡ್ಡಾಯ ಆದೇಶ) ಪಾಲಿಸಿದ್ದಾರೆಯೇ ಎಂದು ತಪ್ಪದೆ ನೋಡಿ. ಒಂದು ಸೀಟ್ ಹಳಿಯದು, 2011-10-09. ಹಳಿಯ ರಂಧ್ರ ಸವೆದು ಪಿನ್ ಸರಿಯಾಗಿ ಕೂರದಿದ್ದರೆ ಟೇಕ್‌ಆಫ್‌ನಲ್ಲಿ ಮೂಗು ಎತ್ತಿದ ಕ್ಷಣ ಸೀಟು ಹಿಂದಕ್ಕೆ ಜಾರುತ್ತದೆ, ಪೈಲಟ್ ಯೋಕ್ (ವಿಮಾನದ ಸ್ಟೀರಿಂಗ್) ಹಿಡಿದೇ ಹಿಂದೆ ಹೋಗುತ್ತಾರೆ. ಇನ್ನೊಂದು ರಡ್ಡರ್ (ಬಾಲದ ಚುಕ್ಕಾಣಿ) ಸ್ಟಾಪ್‌ನದು, 2009-10-09. ರಡ್ಡರ್ ಮಿತಿ ಮೀರಿ ತಿರುಗಿ ಸಿಕ್ಕಿಕೊಳ್ಳುವುದನ್ನು ತಪ್ಪಿಸಲು ಬಂದದ್ದು, ಸ್ಪಿನ್ (ಗಿರಗಿರ ತಿರುಗುತ್ತ ಕೆಳಗಿಳಿಯುವುದು) ಕಲಿಸಿದ ವಿಮಾನಗಳಿಗೆ ಜೀವನ್ಮರಣದ ವಿಷಯ. ಲಾಗ್‌ಬುಕ್ಕಿನಲ್ಲಿ ಸಹಿ ಇದ್ದರೂ ಬಾಲದ ಹತ್ತಿರ ಬಗ್ಗಿ ಕಣ್ಣಾರೆ ನೋಡಿ.

ಮಫ್ಲರ್ ಹೊದಿಕೆ ಬಿಚ್ಚಿಸಿ ಬಿರುಕು ನೋಡಿಸಿ. ಕ್ಯಾಬಿನ್ ಹೀಟರ್ ಬರುವುದು ಅದೇ ಗಾಳಿಯಿಂದ, ಬಿರುಕಿದ್ದರೆ ಕಾರ್ಬನ್ ಮಾನಾಕ್ಸೈಡ್ ನೇರ ಒಳಗೆ. ನಮ್ಮ ಕಡೆ ಹೀಟರ್ ಯಾರೂ ಹಾಕುವುದಿಲ್ಲ ಎಂದು ಬಿಟ್ಟುಬಿಡುತ್ತಾರೆ. ಡಿಸೆಂಬರ್ ಬೆಳಗ್ಗೆ ಹೊಸೂರಿನಲ್ಲಿ ಹಾಕುತ್ತಾರೆ.

ಈಗ 50 ಗಂಟೆಯ ಸರ್ವಿಸ್. ಎಣ್ಣೆ ಬದಲಿಸುವುದು, ಫುಲ್-ಫ್ಲೋ ಫಿಲ್ಟರ್ (ಎಣ್ಣೆಯೆಲ್ಲ ಹಾದುಹೋಗುವ ಫಿಲ್ಟರ್) ಇದ್ದರೆ 50 ಗಂಟೆ, ಬರೀ ಜಾಲರಿ ಇದ್ದರೆ 25, ಎರಡಕ್ಕೂ ನಾಲ್ಕು ತಿಂಗಳ ಮಿತಿ ಉಂಟು. ವರ್ಷಕ್ಕೆ 120 ಗಂಟೆ ಅಂದರೆ ನಾಲ್ಕು ತಿಂಗಳಿಗೆ 40, ಹಾಗಾಗಿ ನಿಮಗೆ ನಾಲ್ಕು ತಿಂಗಳೇ ಮೊದಲು ಬರುತ್ತದೆ. ಸಹಿ ಹಾಕುವವರು ಲೈಸೆನ್ಸ್ ಇರುವ ಎಎಂಇ. ಕೌಲಿಂಗ್ (ಎಂಜಿನ್ ಮೇಲಿನ ಹೊದಿಕೆ) ಬಿಚ್ಚುವುದು, ತೊಳೆಯುವುದು, ಎಣ್ಣೆ ಇಳಿಸುವುದು, ಪ್ಲಗ್ ತೆಗೆದು ಕ್ರಮವಾಗಿ ಜೋಡಿಸಿಡುವುದು ಇವನ್ನೆಲ್ಲ ನೀವು ಅವರ ಎದುರಿಗೆ ಮಾಡಬಹುದು, ಮಾಡಲೂಬೇಕು. ವಿಮಾನ ಅರ್ಥವಾಗುವುದು ಹಾಗೆ.

ಮೊದಲು ಹಾರಿಸಿ ಬನ್ನಿ, ಬಿಸಿ ಎಣ್ಣೆಯ ಜೊತೆ ಕೊಳೆಯೂ ಇಳಿಯುತ್ತದೆ. ಸಂಪ್‌ನಲ್ಲಿ (ಎಣ್ಣೆ ನಿಲ್ಲುವ ತಳದ ಪಾತ್ರೆ) 6 ಕ್ವಾರ್ಟ್, ಅಂದರೆ 5.7 ಲೀಟರ್, ಫಿಲ್ಟರ್ ಇದ್ದರೆ ಅದರ ಮೇಲೊಂದು ಕ್ವಾರ್ಟ್. ಹೀರುವ ಕಡೆಯ ಜಾಲರಿಯನ್ನೂ ತೆಗೆದು ನೋಡಿ, ದೊಡ್ಡ ಚೂರು ಸಿಕ್ಕುವುದು ಅಲ್ಲೇ, ಬಹಳ ಜನ ಅದನ್ನು ಮುಟ್ಟುವುದೇ ಇಲ್ಲ. ಫಿಲ್ಟರನ್ನು ಗರಗಸದಲ್ಲಿ ಕೊಯ್ಯಬೇಡಿ, ಗರಗಸದ ಪುಡಿಯೇ ಎಂಜಿನ್ ಚೂರಿನಂತೆ ಕಾಣುತ್ತದೆ. ಅದಕ್ಕೆಂದೇ ಕಟರ್ ಸಿಗುತ್ತದೆ. ಕಾಗದದ ಮಡಿಕೆ ಬಿಡಿಸಿ ಬಿಸಿಲಿಗೆ ಹಿಡಿದು ಅಯಸ್ಕಾಂತ ಆಡಿಸಿ. ಅಂಟಿಕೊಂಡರೆ ಉಕ್ಕು, ಕ್ಯಾಮ್ ಅಥವಾ ಟ್ಯಾಪೆಟ್ ಕಡೆಯದು. ಅಂಟದೆ ಹೊಳೆದರೆ ಅಲ್ಯೂಮಿನಿಯಂ ಅಥವಾ ಬೇರಿಂಗ್ ಲೋಹ. ಕಪ್ಪಗೆ ಗಟ್ಟಿಯಾಗಿ ಪುಡಿಯಾದರೆ ಇಂಗಾಲ, ಚಿಂತೆಯಿಲ್ಲ. ಹೊಸ ಫಿಲ್ಟರಿನ ಗ್ಯಾಸ್ಕೆಟ್‌ಗೆ ಡಿಸಿ-4 ಸಿಲಿಕೋನ್ ತೆಳುವಾಗಿ ಸವರಿ 16ರಿಂದ 18 ಫುಟ್-ಪೌಂಡ್ ಬಿಗಿ ಕೊಟ್ಟು, ಸೇಫ್ಟಿ ವಯರ್ ಕಟ್ಟಿ. ವಯರ್ ಎಳೆಯುವ ದಿಕ್ಕು ಬಿಗಿಯುವ ಕಡೆಗೇ ಇರಬೇಕು. ಚಾಲೂ ಮಾಡಿದ 30 ಸೆಕೆಂಡಿನಲ್ಲಿ ಆಯಿಲ್ ಪ್ರೆಷರ್ ಏಳದಿದ್ದರೆ ತಕ್ಷಣ ನಿಲ್ಲಿಸಿ. ಎರಡು ಮೂರು ನಿಮಿಷ ಓಡಿಸಿ, ಸೋರಿಕೆ ನೋಡಿ, ಆಮೇಲೆ ಡಿಪ್‌ಸ್ಟಿಕ್. ಫಿಲ್ಟರ್ ಎಣ್ಣೆ ಹೀರಿಕೊಂಡು ಅಳತೆ ಇಳಿದಿರುತ್ತದೆ. ಸಾಧಾರಣ ಹಾರಾಟಕ್ಕೆ 5 ಕ್ವಾರ್ಟ್ ಸಾಕು, 4ಕ್ಕಿಂತ ಕೆಳಗೆ ಹಾರಬಾರದು. 6 ತುಂಬಿದರೆ ಮೇಲಿನದು ಬ್ರೀದರ್‌ನಿಂದ (ಎಂಜಿನ್ ಉಸಿರಾಡುವ ಕೊಳವೆ) ವಿಮಾನದ ಹೊಟ್ಟೆಯಡಿ ಚೆಲ್ಲುತ್ತದೆ, ಅದನ್ನು ನೋಡಿ "ಎಂಜಿನ್ ಎಣ್ಣೆ ಕುಡಿಯುತ್ತಿದೆ" ಎಂದು ಹೆದರುವವರಿದ್ದಾರೆ. ನಮ್ಮ ಹವೆಗೆ ಡಬ್ಲ್ಯೂ100 ದರ್ಜೆಯ ಎಣ್ಣೆ ಸರಿ. ಹಾಕಿದ ಪ್ರತಿ ಕ್ವಾರ್ಟನ್ನೂ ಟ್ಯಾಕೋ ಗಂಟೆಯ ಜೊತೆ ಬರೆಯಿರಿ. ಎಷ್ಟು ಕುಡಿಯಿತು ಅನ್ನುವುದಕ್ಕಿಂತ ಕುಡಿಯುವ ಪ್ರಮಾಣ ಬದಲಾಯಿತೇ ಅನ್ನುವುದೇ ಮುಖ್ಯ.

ಪ್ಲಗ್ ಎಂಟು. ಏವಿಗ್ಯಾಸ್‌ನ ಸೀಸ ಕೆಳಗಿನ ನಾಲ್ಕರಲ್ಲಿ ಸಣ್ಣ ಗುಂಡಾಗಿ ಕೂರುತ್ತದೆ, ಈ ಎಂಜಿನ್ನಿಗೆ ಆ ಕಾಟ ಸ್ವಲ್ಪ ಹೆಚ್ಚೇ. ಚಿಮಟದಲ್ಲಿ ಮೆಲ್ಲಗೆ ಎಬ್ಬಿಸಿ, ಇನ್ಸುಲೇಟರ್ ಗೀರದಂತೆ. ಹಾಕುವಾಗ ಮೇಲಿನದು ಕೆಳಕ್ಕೆ, ಕೆಳಗಿನದು ಮೇಲಕ್ಕೆ. ತಾಮ್ರದ ವಾಷರ್ ಪ್ರತಿ ಸಲ ಹೊಸದು, ಬಿಗಿ 35 ಫುಟ್-ಪೌಂಡ್. ಕೈಜಾರಿ ನೆಲಕ್ಕೆ ಬಿದ್ದ ಪ್ಲಗ್ ಎಷ್ಟೇ ಹೊಸದಿದ್ದರೂ ಬಿಸಾಡಿ, ಒಳಗೆ ಪಿಂಗಾಣಿ ಸೀಳಿದ್ದು ಹೊರಗೆ ಕಾಣುವುದಿಲ್ಲ. ರನ್‌ಅಪ್‌ನಲ್ಲಿ (ಟೇಕ್‌ಆಫ್‌ಗೆ ಮೊದಲಿನ ಎಂಜಿನ್ ಪರೀಕ್ಷೆ) 1,700 ಆರ್‌ಪಿಎಂ ಇಟ್ಟು ಮ್ಯಾಗ್ನೆಟೊ ನೋಡಿದಾಗ ಒಂದೊಂದರಲ್ಲೂ ಇಳಿಕೆ 125 ಮೀರಬಾರದು, ಎರಡರ ನಡುವೆ ಅಂತರ 50 ಮೀರಬಾರದು. ಸ್ಲಿಕ್ ಮ್ಯಾಗ್ನೆಟೊ ಇದ್ದರೆ 500 ಗಂಟೆಗೆ ಬಿಚ್ಚಿ ನೋಡುವುದು ಬಾಕಿ ಇದೆಯೇ ಎಂದು ಕೇಳಿ, ಮಾರಾಟದ ಹೊತ್ತಿಗೆ ಇದು ಮರೆತುಹೋಗಿರುತ್ತದೆ.

ಟಯರ್ ಹಿಂದಿನವು 21 ಪಿಎಸ್‌ಐ, ಮೂಗಿನದು 30. ಬ್ರೇಕ್‌ಗೆ ಕೆಂಪು ಬಣ್ಣದ 5606 ಎಣ್ಣೆ ಮಾತ್ರ. ಕಾರಿನ ಬ್ರೇಕ್ ಆಯಿಲ್ ಒಂದು ಹನಿ ಹಾಕಿದರೂ ಒಳಗಿನ ರಬ್ಬರ್ ಸೀಲ್ ಉಬ್ಬಿ ಹಾಳಾಗುತ್ತದೆ.

ಹೊಸೂರು_ಸೆಸ್ನಾ

ತುಂಬಾ ಉಪಕಾರವಾಯಿತು ಸರ್. ಎರಡು ವಿಷಯ ಬಾಕಿ ಉಳಿಯಿತು. ಏವಿಗ್ಯಾಸ್ ಬ್ಯಾರೆಲ್‌ನಲ್ಲಿ ತರಿಸಬೇಕು, ಅದು ಮುಗಿದಾಗ ಬಂಕ್ ಪೆಟ್ರೋಲ್ ಹಾಕಬಹುದು ಎಂದು ಒಬ್ಬರು ಹೇಳಿದರು. ಮತ್ತೆ, ಹಾರಾಟ ಮುಗಿದ ಮೇಲೆ ಟ್ಯಾಂಕ್ ತುಂಬಿಸಿ ನಿಲ್ಲಿಸಬೇಕೇ, ಅರ್ಧ ಬಿಡಬೇಕೇ? ಶೆಡ್‌ನ ಬಗ್ಗೆಯೂ ಯಾರಾದರೂ ಹೇಳಿ.

ಹಿಂದೂಪುರ_ಎಎಂಇ

ಬಂಕ್ ಪೆಟ್ರೋಲ್ ಬೇಡವೇ ಬೇಡ. ಈಗ ಸಿಗುವುದು 20% ಎಥನಾಲ್ ಬೆರೆಸಿದ್ದು. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ, ತಣ್ಣಗಾದಾಗ ಬೇರ್ಪಟ್ಟು ಟ್ಯಾಂಕ್ ತಳದಲ್ಲಿ ನಿಲ್ಲುತ್ತದೆ, ಹಳೆಯ ರಬ್ಬರ್, ಕಾರ್ಬುರೇಟರ್ ಸೀಲ್ ಎಲ್ಲವನ್ನೂ ಕೆಡಿಸುತ್ತದೆ. ಕೆಲವು ದೇಶಗಳಲ್ಲಿ ಹಳೆಯ ಸೆಸ್ನಾಗಳಿಗೆ ಕಾರಿನ ಪೆಟ್ರೋಲ್ ಅನುಮತಿ ಇರುವುದು ಎಥನಾಲ್ ಇಲ್ಲದ್ದಕ್ಕೆ. 100ಎಲ್ಎಲ್ ಏವಿಗ್ಯಾಸ್ ಅನ್ನು 2022ರಿಂದ ಇಂಡಿಯನ್ ಆಯಿಲ್ ವಡೋದರದ ರಿಫೈನರಿಯಲ್ಲೇ ತಯಾರಿಸುತ್ತಿದೆ. ಬಣ್ಣ ತಿಳಿ ನೀಲಿ. ಬ್ಯಾರೆಲ್ಲನ್ನು ಅಡ್ಡ ಮಲಗಿಸಿ, ಎರಡೂ ಬಿರಡೆ ಒಳಗಿನ ಏವಿಗ್ಯಾಸ್ ಮಟ್ಟಕ್ಕಿಂತ ಕೆಳಗೆ ಬರುವಂತೆ ಇಡಿ. ನಿಲ್ಲಿಸಿಟ್ಟರೆ ಮೇಲೆ ಮಳೆನೀರು ನಿಂತು, ರಾತ್ರಿ ತಣಿದಾಗ ಬಿರಡೆಯ ಎಡೆಯಿಂದ ಒಳಕ್ಕೆ ಎಳೆಯುತ್ತದೆ. ತುಂಬಿಸುವಾಗ ಬ್ಯಾರೆಲ್, ಪಂಪ್, ವಿಮಾನ ಮೂರಕ್ಕೂ ಅರ್ಥಿಂಗ್ ತಂತಿ. ನೀರು ತಡೆಯುವ ಫಿಲ್ಟರ್ ಇಲ್ಲದೆ ಒಂದು ಲೀಟರೂ ಹಾಕಬೇಡಿ.

ಟ್ಯಾಂಕಿನ ವಿಷಯದಲ್ಲಿ ಎರಡು ಸತ್ಯಗಳು ಜಗಳವಾಡುತ್ತವೆ. ತುಂಬಿದ ಟ್ಯಾಂಕಿನಲ್ಲಿ ತೇವ ಕೂರುವುದು ಕಡಿಮೆ. ಆದರೆ 152ರ ಒಟ್ಟು ತೂಕದ ಮಿತಿ 757 ಕಿಲೋ. ಖಾಲಿ ತೂಕ 520 ಇದ್ದರೆ ಉಳಿಯುವುದು 237. ಬಳಸಬಹುದಾದ 93 ಲೀಟರ್ ತುಂಬಿದರೆ 67 ಕಿಲೋ, ಇಬ್ಬರಿಗೆ ಚೀಲ ಸೇರಿ 170. ಇಬ್ಬರು ದಪ್ಪ ಸದಸ್ಯರಿಗೆ ಅದು ಸಾಲದು, ತುಂಬಿದ್ದನ್ನು ಇಳಿಸುವುದು ಯಾರಿಗೂ ಇಷ್ಟವಿಲ್ಲ. ಆದ್ದರಿಂದ ಅರ್ಧ ಟ್ಯಾಂಕಿನಲ್ಲಿ ನಿಲ್ಲಿಸುವ ನಿಯಮ ಮಾಡಿ, ನೀರಿನ ಕೆಲಸ ಡ್ರೈನ್‌ನಲ್ಲಿ ಮುಗಿಸಿ. ಎರಡು ರೆಕ್ಕೆ, ಕೌಲಿಂಗ್ ಕೆಳಗಿನ ಸ್ಟ್ರೈನರ್, ಮೂರೂ ಕಡೆ, ಪ್ರತಿ ಹಾರಾಟದ ಮೊದಲು. ಗಾಜಿನ ಲೋಟದಲ್ಲಿ ಪೂರ್ತಿ ಬಣ್ಣವಿಲ್ಲದ್ದು ಕಂಡರೆ "ಚೊಕ್ಕ ಇದೆ" ಅಂದುಕೊಳ್ಳಬೇಡಿ, ಅದು ಪೂರ್ತಿ ನೀರೇ ಇರಬಹುದು. ನೀಲಿ ಕಾಣಬೇಕು.

ಹೊಸೂರು ಸುಮಾರು 3,000 ಅಡಿ ಎತ್ತರದಲ್ಲಿದೆ ಅನ್ನುವುದನ್ನು ಮರೆಯಬೇಡಿ. ಆ ಎತ್ತರದಲ್ಲಿ ಪ್ರಮಾಣಿತ ತಾಪಮಾನ 9 ಡಿಗ್ರಿ. ಏಪ್ರಿಲ್ ಮಧ್ಯಾಹ್ನ 33 ಇದ್ದರೆ 24 ಡಿಗ್ರಿ ಹೆಚ್ಚು, ಡಿಗ್ರಿಗೆ 120 ಅಡಿಯಂತೆ 2,880 ಅಡಿ, ಅದನ್ನು 3,000ಕ್ಕೆ ಸೇರಿಸಿ. ಅಂದರೆ 110 ಅಶ್ವಶಕ್ತಿಯ ಎಂಜಿನ್ನಿಗೆ ಅದು 5,900 ಅಡಿ ಎತ್ತರದ ಗಾಳಿ. 3,000 ಅಡಿ ಮೇಲಿನ ಮೈದಾನದಲ್ಲಿ ಟೇಕ್‌ಆಫ್‌ಗೆ ಮೊದಲು ಪೂರ್ತಿ ಥ್ರಾಟಲ್‌ನಲ್ಲಿ ನಿಂತು ಆರ್‌ಪಿಎಂ ಗರಿಷ್ಠ ಬರುವಷ್ಟು ಮಿಕ್ಸ್ಚರ್ (ಗಾಳಿಗೆ ಬೆರೆಯುವ ಪೆಟ್ರೋಲ್ ಕಡಿಮೆ ಮಾಡುವ ಹಿಡಿ) ಎಳೆಯಬೇಕೆಂದು ಕೈಪಿಡಿಯೇ ಹೇಳುತ್ತದೆ. ಸಮುದ್ರಮಟ್ಟದಲ್ಲಿ ಕಲಿತವರು ಮಿಕ್ಸ್ಚರ್ ಪೂರ್ತಿ ಒಳಗಿಟ್ಟೇ ಓಡಿಸುತ್ತಾರೆ. ಶಕ್ತಿಯೂ ಹೋಗುತ್ತದೆ, ಪ್ಲಗ್‌ನಲ್ಲಿ ಸೀಸವೂ ಕೂರುತ್ತದೆ. ಇಳಿದ ಮೇಲೆ ನಿಲ್ಲಿಸುವ ಮೊದಲು 1,800ರಲ್ಲಿ 15ರಿಂದ 20 ಸೆಕೆಂಡ್ ಓಡಿಸಿ, 1,200ಕ್ಕೆ ಇಳಿಸಿ ಮಿಕ್ಸ್ಚರ್ ಎಳೆದರೆ ಪ್ಲಗ್ ಚೊಕ್ಕವಾಗಿ ಉಳಿಯುತ್ತವೆ.

ಕುಂಬಳೆ_ಕಡಲು

ಶೆಡ್ ಮತ್ತು ತುಕ್ಕಿನ ಬಗ್ಗೆ ನಾನು ಹೇಳ್ತೇನೆ. ನಮ್ಮ ಕಾಸರಗೋಡಿನ ಉಪ್ಪುಗಾಳಿಯಲ್ಲಿ ಲೋಹ ಹೇಗೆ ಹೋಗ್ತದೆ ಅಂತ ನೋಡಿದವರಿಗೆ ಹೊಸೂರು ಸ್ವರ್ಗ. ಆದ್ರೂ ನಿಮ್ಮಲ್ಲಿ ಏಪ್ರಿಲ್-ಮೇ ಗುಡುಗು ಮಳೆ ಉಂಟು, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಇನ್ನೂ ಜಾಸ್ತಿ. ಮತ್ತೆ ಆ ವಿಮಾನ ಮೊದಲು ಎಲ್ಲಿತ್ತು ಅಂತ ಲಾಗ್‌ಬುಕ್ಕಿನಲ್ಲಿ ನೋಡಿ. ಕರಾವಳಿಯಲ್ಲಿ ನಾಲ್ಕು ವರ್ಷ ಇದ್ದದ್ದಾದ್ರೆ ಹೊಸೂರಿನ ಒಣ ಗಾಳಿ ಅದನ್ನು ಸರಿಮಾಡುದಿಲ್ಲ.

ಬಣ್ಣದ ಅಡಿಯಲ್ಲಿ ಹುಳ ಹರಿದ ಹಾಗೆ ಸಣ್ಣ ಗೆರೆ ಎದ್ದಿದ್ರೆ ಅದು ಬಣ್ಣದ ದೋಷ ಅಲ್ಲ, ಅಲ್ಯೂಮಿನಿಯಂ ಒಳಗಿಂದ ತಿನ್ನುದು. ರಿವೆಟ್ ಸುತ್ತ ಕಪ್ಪು ಅಥವಾ ಬೂದಿ ಬಣ್ಣದ ಬಾಲ ಕಂಡ್ರೆ ಆ ರಿವೆಟ್ ಸಡಿಲ. ಕಾರ್ಪೆಟ್ ಎತ್ತಿ ನೆಲ ನೋಡಿ, ಬ್ಯಾಟರಿ ಪೆಟ್ಟಿಗೆ ಕೆಳಗೆ ನೋಡಿ, ಏಲರಾನ್, ಫ್ಲ್ಯಾಪ್, ಎಲಿವೇಟರಿನ ಅಡಿಯಲ್ಲಿರುವ ನೀರು ಹೋಗುವ ತೂತು ಬಣ್ಣದಿಂದ ಮುಚ್ಚಿದ್ಯಾ ನೋಡಿ. ಹೊಸ ಬಣ್ಣ ಹೊಡೆದ ವಿಮಾನದಲ್ಲಿ ಇದು ಮಾಮೂಲು, ಒಳಗೆ ನೀರು ನಿಂತು ತಗಡು ಒಳಗಿಂದ ಹೋಗ್ತದೆ. ಕೊಂಡ ಮೇಲೆ ಮೊದಲ ದೊಡ್ಡ ತಪಾಸಣೆಯಲ್ಲೇ, ಎಲ್ಲ ಪ್ಯಾನಲ್ ತೆಗೆದಿರುವಾಗ, ರೆಕ್ಕೆ ಒಳಗೆ, ಬಾಲದ ಒಳಗೆ ಎಸಿಎಫ್-50 (ತುಕ್ಕು ತಡೆಯುವ ಎಣ್ಣೆ) ಮಂಜಿನ ಹಾಗೆ ಹೊಡೆಸಿ. ಎರಡು ವರ್ಷಕ್ಕೊಮ್ಮೆ ಪುನಃ. ಅದು ರಿವೆಟ್ ಸಂದಿಯಲ್ಲಿ ಹರಿದು ಕೆಲವು ವಾರ ಹೊರಗೆ ಜಿನುಗ್ತದೆ. ಹೆದರಬೇಡಿ, ಒರೆಸಿದ್ರೆ ಆಯ್ತು. ಬ್ರೇಕ್ ಡಿಸ್ಕಿಗೆ, ವಿಂಡ್‌ಶೀಲ್ಡಿಗೆ ತಾಗದ ಹಾಗೆ ಮುಚ್ಚಿ ಹೊಡೀಬೇಕು.

ಒಂದು ಬದಿ ತೆರೆದ ಶೆಡ್‌ನಲ್ಲಿ ಟಾರ್ಪಾಲಿನ್ ಸುತ್ತಿ ಇಡುವ ಯೋಚನೆ ಮಾಡ್ಬೇಡಿ. ಅಡಿಯಲ್ಲಿ ತೇವ ಹಿಡಿದು ನಿಲ್ತದೆ, ಗಾಳಿಗೆ ಹೊಡೆದು ಕಿಟಕಿ ಗೀರ್ತದೆ. ಗಾಳಿಯಾಡುವ ಬಟ್ಟೆಯ ಹೊದಿಕೆ ವಿಂಡ್‌ಶೀಲ್ಡಿಗೆ ಮಾತ್ರ ಸಾಕು. ಕಿಟಕಿ ಅಕ್ರಿಲಿಕ್, ಅಮೋನಿಯ ಇರುವ ಗ್ಲಾಸ್ ಕ್ಲೀನರ್ ಹಾಕಿದ್ರೆ ಸಣ್ಣ ಸಣ್ಣ ಬಿರುಕು ಏಳ್ತದೆ. ತುಂಬ ನೀರು, ಮೆತ್ತಗಿನ ಹತ್ತಿ ಬಟ್ಟೆ ಸಾಕು, ಒಣ ಬಟ್ಟೆಯಲ್ಲಿ ಉಜ್ಜುದು ಬೇಡ. ಶೆಡ್ ಒಳಗಿದ್ರೂ ಮೂರು ಕಡೆ ಕಟ್ಟಿ, ತೆರೆದ ಬದಿಯಿಂದ ನುಗ್ಗಿದ ಬಿರುಗಾಳಿಗೆ ರೆಕ್ಕೆ ಏಳ್ತದೆ. ಹಗ್ಗ ನೈಲಾನ್ ಇರ್ಲಿ, ನಾರಿನದ್ದು ನೆನೆದ್ರೆ ಬಿಗೀತದೆ.

ಪ್ರಾಣಿಗಳದ್ದು ಇನ್ನೊಂದು ಉಪದ್ರ. ಪಿಟೊ ಕೊಳವೆಗೆ (ವೇಗ ಅಳೆಯಲು ಗಾಳಿ ಹಿಡಿಯುವ ಕೊಳವೆ) ಕವರ್ ಇಲ್ಲದಿದ್ರೆ ಕಣಜ ಮಣ್ಣಿನ ಗೂಡು ಕಟ್ತದೆ, ವೇಗಮಾಪಕ ಸತ್ತು ಹೋಗ್ತದೆ. ಅದು ಎಲ್ಲರಿಗೂ ಗೊತ್ತುಂಟು. ಎಡ ರೆಕ್ಕೆಯ ಅಡಿಯ ಇಂಧನ ವೆಂಟ್ ಯಾರೂ ನೋಡುದಿಲ್ಲ. ಅಲ್ಲಿ ಗೂಡು ಕಟ್ಟಿದ್ರೆ ಇಂಧನ ಕಡಿಮೆ ಆದಂತೆ ಟ್ಯಾಂಕಿಗೆ ಗಾಳಿ ಸಿಕ್ಕುದಿಲ್ಲ, ಎಂಜಿನ್ನಿಗೆ ಪೆಟ್ರೋಲ್ ಹರಿಯುದು ನಿಲ್ತದೆ. ಬಲ ಬದಿಯ ಮುಚ್ಚಳದಲ್ಲಿ ಒಂದು ವೆಂಟ್ ಉಂಟು, ಅದರ ರಬ್ಬರ್ ಹಳತಾದ್ರೆ ಅದೂ ಅಂಟಿಕೊಳ್ತದೆ. ಕೌಲಿಂಗ್ ಬಾಯಿಗೆ ಫೋಮ್ ಪ್ಲಗ್ ಇಡಿ, ಎರಡನ್ನೂ ಕೆಂಪು ಹಗ್ಗದಲ್ಲಿ ಪ್ರೊಪೆಲ್ಲರ್ ಸುತ್ತಿ ಸೇರಿಸಿ ಕಟ್ಟಿ, ಮರೆತು ಚಾಲೂ ಮಾಡಿದ್ರೂ ಎಳೆದು ಬೀಳ್ತದೆ. ಇಲಿ ತಂತಿ ಕಡಿಯುದು ಒಂದು, ಅದರ ಮೂತ್ರ ಅಲ್ಯೂಮಿನಿಯಂ ತಿನ್ನುದು ಅದಕ್ಕಿಂತ ಕೆಟ್ಟದು. ಸೀಟಿನ ಹಿಂದೆ ತಿಂಡಿ ಪೊಟ್ಟಣ ಬಿಟ್ಟು ಹೋಗುವ ಸದಸ್ಯರಿಗೆ ಮೊದಲೇ ಹೇಳಿ.

ಹಿಂದೂಪುರ_ಎಎಂಇ

ಕುಂಬಳೆಯವರ ಮಾತಿಗೆ ಒಂದನ್ನು ಸೇರಿಸುತ್ತೇನೆ. 30 ದಿನಕ್ಕಿಂತ ಹೆಚ್ಚು ಹಾರಲಾಗುವುದಿಲ್ಲ ಎಂದು ಖಚಿತವಾದರೆ ವಾರಕ್ಕೊಮ್ಮೆ ಚಾಲೂ ಮಾಡುವ ಆಸೆ ಬಿಟ್ಟು ಎಂಜಿನ್ನನ್ನು ಮಲಗಿಸಿ. ಕೊನೆಯ ಹಾರಾಟಕ್ಕೆ ಮೊದಲು ಹಳೆಯ ಎಣ್ಣೆ ಇಳಿಸಿ ಏರೋಶೆಲ್ ಫ್ಲೂಯಿಡ್ 2ಎಫ್ (ನಿಲ್ಲಿಸಿಟ್ಟ ಎಂಜಿನ್ನಿಗೆ ತುಕ್ಕು ತಡೆಯುವ ಎಣ್ಣೆ) ಹಾಕಿ, ಹಾರಿಸಿ ಬನ್ನಿ. ಬಿಸಿ ಇರುವಾಗಲೇ ಮೇಲಿನ ಪ್ಲಗ್ ತೆಗೆದು ಪ್ರತಿ ಸಿಲಿಂಡರ್ ಒಳಗೂ ಅದನ್ನೇ ಸಿಂಪಡಿಸಿ, ಪ್ಲಗ್ ಜಾಗದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಇರುವ ಡಿಹೈಡ್ರೇಟರ್ ಪ್ಲಗ್ ಹಾಕಿ. ಎಕ್ಸಾಸ್ಟ್, ಬ್ರೀದರ್, ಏರ್ ಫಿಲ್ಟರ್ ಬಾಯಿ ಮುಚ್ಚಿ. ಜೆಲ್ ನೀಲಿಯಿಂದ ಗುಲಾಬಿಗೆ ತಿರುಗಿದರೆ ಬದಲಿಸಿ. ಪ್ರೊಪೆಲ್ಲರ್‌ಗೆ "ತಿರುಗಿಸಬೇಡಿ" ಎಂದು ದೊಡ್ಡ ಕೆಂಪು ಪಟ್ಟಿ ಕಟ್ಟಿ, ಬಂದವರಿಗೆಲ್ಲ ಅದನ್ನು ಒಮ್ಮೆ ತಿರುಗಿಸಬೇಕೆನಿಸುತ್ತದೆ.

ಅಕ್ಕಲಕೋಟ_ಲೆಕ್ಕ

ಎಎಂಇ ಸಾಹೇಬ್ರು ಹೇಳಿದ 30 ದಿನದ ಹಾರಾಟ ಒಪ್ಪಂದದಾಗೇ ಬರ್ರಿ. ಯಾರೂ ಬುಕ್ ಮಾಡದೆ 20 ದಿನ ಆದ್ರ ಸರದಿ ಪ್ರಕಾರ ಒಬ್ಬ ಸದಸ್ಯರು ಒಂದು ಗಂಟೆ ಹಾರಿಸಬೇಕು, ಇಂಧನ ಎಲ್ಲರ ಖಾತೆಯಿಂದ. ಐದು ಜನರ ಹೆಸರು ವರ್ಷದ ಹನ್ನೆರಡು ತಿಂಗಳಿಗೆ ಈಗಲೇ ಹಂಚಿ ಗ್ವಾಡಿಗೆ ಅಂಟಸ್ರಿ. 60 ದಿನ ಹಾರದೇ ಇದ್ದ ಸದಸ್ಯರು ಇನ್‌ಸ್ಟ್ರಕ್ಟರ್ ಜೋಡಿ ಒಂದು ಸಲ ಹಾರಿದ ಮ್ಯಾಲೆ ಒಬ್ಬರೇ ಹೋಗಬೇಕು, ಅದೂ ಅಲ್ಲೇ ಬರ್ರಿ.

ಮಾರುವವರ ಕಡೆ ಈಗ ಹೋಗೋವಾಗ ಮೂರು ಕೇಳ್ರಿ. ಪಿಸ್ಟನ್ ಪಾರ್ಟ್ ನಂಬರ್ ಇರೋ ಓವರ್‌ಹಾಲ್ ಕಾಗದ, ಕೊನೇ ಎರಡು ವರ್ಷದ ವಾಲ್ವ್ ಕ್ಲಿಯರೆನ್ಸ್ ದಾಖಲೆ, ನಿಮ್ಮ ಎದುರಿಗೆ ಫಿಲ್ಟರ್ ಕತ್ತರಿಸಾಕ ಒಪ್ಪಿಗಿ. ಮೂರನೇದಕ್ಕ ಇಲ್ಲ ಅಂದ್ರ ಮುಂಗಡ ಕೊಡಬ್ಯಾಡ್ರಿ.